ತವರಿಗೆ ಹೋಗಲೊಲ್ಲದ ಬಸುರಿ

‘ಶರಪಂಜರ’ದ ಕಾವೇರಿಗೆ ಏನಾಗಿತ್ತು ಎಂದು ಆ ಸಿನಿಮಾ ನೋಡಿದವರನ್ನು ಕೇಳಿ. ಹುಚ್ಚು ಹಿಡಿದಿತ್ತು, ಆಸ್ಪತ್ರೆಯಲ್ಲಿ ವಾಸಿಯಾಗಿ ಬಂದರೂ ಗಂಡ, ನೆಂಟರು, ನೆರೆಹೊರೆ ಯಾರೂ ಅವಳನ್ನು ನೆಮ್ಮದಿಯಾಗಿ ಬಾಳಗೊಡಲಿಲ್ಲ ಎನ್ನುತ್ತಾರೆ. ಕಲ್ಪನಾ ಅವರ ಅಭಿನಯವನ್ನು ನೆನೆಯುತ್ತಾರೆ. ಆ ಕಾಯಿಲೆ ಕಾಣಿಸಿಕೊಂಡದ್ದು ಹೆರಿಗೆಯ ಬೆನ್ನಲ್ಲೇ ಎಂಬುದು ಮಾತ್ರ ಹೆಚ್ಚಿನವರಿಗೆ ಮರೆತುಹೋಗಿರುತ್ತದೆ. ಮದುವೆಗೆ ಮುಂಚೆ ನಡೆದು, ಒಳಗೇ ಹುಗಿದಿಟ್ಟಿದ್ದ ಒಂದು ಸಂಗತಿ ಬಾಣಂತನದಲ್ಲಿ ಮೇಲೆದ್ದು ಬಂದು ಅವಳ ಮನಸ್ಸನ್ನು ಕದಡುತ್ತದೆ. ಕಾದಂಬರಿ ಬರೆದ ತ್ರಿವೇಣಿ ಮನಃಶಾಸ್ತ್ರ ಓದಿದ್ದವರು. 1963ರಲ್ಲಿ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ, 35 ತುಂಬುವ ಮೊದಲೇ ತೀರಿಕೊಂಡರು. ಪುಟ್ಟಣ್ಣ ಕಣಗಾಲರು 1971ರಲ್ಲಿ ಅದನ್ನು ತೆರೆಗೆ ತಂದರು. ಹಳೆಯ ಗಾಯಕ್ಕೂ ಹೊಸ ತಾಯ್ತನಕ್ಕೂ ನಂಟಿದೆ ಎಂಬುದನ್ನು, ಅದರ ಲೆಕ್ಕಾಚಾರ ವೈದ್ಯಕೀಯ ಪತ್ರಿಕೆಗಳಲ್ಲಿ ಬರುವ ಎಷ್ಟೋ ಮೊದಲೇ ಕನ್ನಡದ ಹೆಂಗಸರು ಓದಿಯಾಗಿತ್ತು.

ಸಂಶೋಧಕರು ಈಗ ಇನ್ನೂ ಹಿಂದಕ್ಕೆ ಹೋಗುತ್ತಿದ್ದಾರೆ. ಹರೆಯಕ್ಕೂ ಮುಂಚೆ, ಐದು, ಎಂಟು, ಹನ್ನೆರಡರ ವಯಸ್ಸಿಗೆ. ಬೆಲ್ಟಿನ ಏಟು ತಿಂದು ಬೆಳೆದವಳು, ಅಪ್ಪ ಕುಡಿದು ಬಂದು ಅಮ್ಮನನ್ನು ಬಡಿಯುವುದನ್ನು ಬಾಗಿಲ ಸಂದಿಯಿಂದ ನೋಡಿದವಳು, ಮನೆಗೆ ಬಂದುಹೋಗುವ ಯಾರೋ ಮೈಮುಟ್ಟಿದ್ದನ್ನು ಬಾಯಿಬಿಟ್ಟು ಹೇಳಲಾರದೆ ಉಳಿದವಳು ಮುಂದೆ ಬಸುರಿಯಾದಾಗ ಏನಾಗುತ್ತದೆ? ಹೊಟ್ಟೆಯಲ್ಲಿರುವ ಮಗುವಿಗೂ ಅದು ತಟ್ಟುತ್ತದೆಯೇ? ತಟ್ಟಿದರೆ ಯಾವ ದಾರಿಯಿಂದ, ಆ ದಾರಿಯನ್ನು ಮಧ್ಯದಲ್ಲೇ ಕಟ್ಟಬಹುದೇ? ಈ ಕೊನೆಯ ಪ್ರಶ್ನೆಗೆ ಸಿಕ್ಕಿರುವ ಉತ್ತರ ಸಾಕಷ್ಟು ಆಶಾದಾಯಕ. ನಮ್ಮ ಆಸ್ಪತ್ರೆಗಳಲ್ಲಿ, ಮನೆಗಳಲ್ಲಿ ಅದು ಯಾಕೋ ಇನ್ನೂ ಬಳಕೆಗೆ ಬಂದಿಲ್ಲ.

ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವಿಶೇಷ ಉಚಿತ ತಪಾಸಣೆ. 2016ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಸುರಕ್ಷಿತ ಮಾತೃತ್ವ ಅಭಿಯಾನ ಅದು. ಬೆಂಗಳೂರಿನ ಬನಶಂಕರಿಯಲ್ಲಿ ಪಾಲಿಕೆಯ ರೆಫರಲ್ ಆಸ್ಪತ್ರೆ ಇದೆ. ಯಾರಬ್ ನಗರದ, ಕದಿರೇನಹಳ್ಳಿಯ ಹೆಂಗಸರಿಗೆ ಹೆರಿಗೆಯೆಂದರೆ ಇಂಥ ಆಸ್ಪತ್ರೆಯೇ. ಅದೇ ಬಡಾವಣೆಯ ಸೆಕೆಂಡ್ ಸ್ಟೇಜ್, ಥರ್ಡ್ ಸ್ಟೇಜಿನ ಅನುಕೂಲಸ್ಥರು ಜಯನಗರದ ಖಾಸಗಿ ನರ್ಸಿಂಗ್ ಹೋಮುಗಳಿಗೆ ಹೋಗುತ್ತಾರೆ. ಎರಡೂ ಕಡೆ ಪರೀಕ್ಷೆಯ ಪಟ್ಟಿ ಹೆಚ್ಚುಕಡಿಮೆ ಒಂದೇ. ತೂಕ, ಬಿ.ಪಿ., ಹಿಮೋಗ್ಲೋಬಿನ್, ಮೂತ್ರ, ಸಕ್ಕರೆ, ಸ್ಕ್ಯಾನಿಂಗ್. ತಾಯಿ ಕಾರ್ಡಿನಲ್ಲಿ ಕಬ್ಬಿಣದ ಮಾತ್ರೆಗೂ ಲೆಕ್ಕ ಉಂಟು. ನಿದ್ದೆ ಬರುತ್ತದೆಯೇ, ಅಳು ಬರುತ್ತದೆಯೇ, ಸಾಯಬೇಕು ಅನ್ನಿಸಿದೆಯೇ ಎಂದು ಕೇಳುವುದು ಎರಡೂ ಕಡೆ ಅಪರೂಪ. ಕನಕಪುರ ರಸ್ತೆಯ ಬನಶಂಕರಮ್ಮನ ಗುಡಿಯಲ್ಲಿ ಮಂಗಳವಾರ, ಶುಕ್ರವಾರ, ಭಾನುವಾರದ ರಾಹುಕಾಲಕ್ಕೆ ನಿಂಬೆಹಣ್ಣಿನ ದೀಪ ಹಚ್ಚಲು ಹೆಂಗಸರ ಸಾಲು ನಿಲ್ಲುವುದಕ್ಕೆ ಇದೂ ಒಂದು ಕಾರಣವಿರಬಹುದು. ಅಲ್ಲಿ ಪಕ್ಕದಲ್ಲಿ ಅತ್ತೆ ನಿಂತಿದ್ದರೂ ಮನಸ್ಸಿನಲ್ಲೇ ಎಲ್ಲವನ್ನೂ ಹೇಳಿಕೊಳ್ಳಬಹುದು.

ಕೇಳಿದರೆ ಏನು ಹೊರಬರುತ್ತದೆ ಎಂಬುದಕ್ಕೆ ಬೆಂಗಳೂರಿನದೇ ಪುರಾವೆ ಇದೆ. ನಿಮ್ಹಾನ್ಸ್‌ನ ಪ್ರೊ. ಪ್ರಭಾ ಚಂದ್ರ ಮತ್ತು ಸಹೋದ್ಯೋಗಿಗಳ ತಂಡ ನಗರದಲ್ಲಿ ಗರ್ಭದ ಮೊದಲರ್ಧದ ತಪಾಸಣೆಗೆ ಬಂದ 462 ಮಹಿಳೆಯರನ್ನು ನೇರವಾಗಿ ವಿಚಾರಿಸಿತು. ಶೇ 7.6ರಷ್ಟು ಮಂದಿಯಲ್ಲಿ ಸಾವಿನ ಯೋಚನೆ ಒಂದಲ್ಲ ಒಂದು ರೂಪದಲ್ಲಿ ಇತ್ತು. ಕೆಲವರು ದಾರಿಯನ್ನೂ ಯೋಚಿಸಿಟ್ಟಿದ್ದರು. ಎಂಟು ಮಂದಿ ಆ ಬಸುರಿನಲ್ಲೇ ಪ್ರಯತ್ನವನ್ನೂ ಮಾಡಿದ್ದರು. 2016ರಲ್ಲಿ ಪ್ರಕಟವಾದ ಈ ಅಧ್ಯಯನ ಗುರುತಿಸಿದ ಕಾರಣಗಳಲ್ಲಿ ಎಳೆಯ ವಯಸ್ಸು, ಮನೆಯ ಹಿಂಸೆ, ಆಸರೆ ಇಲ್ಲವೆಂಬ ಭಾವನೆ ಮತ್ತು ಹಿಂದೆಯೇ ಇದ್ದ ಆತ್ಮಹತ್ಯೆಯ ಯೋಚನೆ ಸೇರಿದ್ದವು. ಬಸುರು ಎಂದರೆ ಸಂಭ್ರಮ, ಕಷ್ಟವೇನಿದ್ದರೂ ಹೆರಿಗೆಯಾದ ಮೇಲೆ ಎಂಬ ನಂಬಿಕೆ ಇಲ್ಲಿಗೇ ಬಿದ್ದುಹೋಗುತ್ತದೆ. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಲಿನ ಸಾವಿರಾರು ತಾಯಂದಿರ ಅಧ್ಯಯನವೂ 2001ರಲ್ಲೇ ಹೇಳಿತ್ತು: ಖಿನ್ನತೆಯ ಲಕ್ಷಣಗಳು ಬಾಣಂತನಕ್ಕಿಂತ ಬಸುರಿನ ಎಂಟನೇ ತಿಂಗಳ ಹೊತ್ತಿಗೇ ಹೆಚ್ಚು.

ಬಾಲ್ಯದ ಕಡೆಗೆ ವೈದ್ಯರ ಕಣ್ಣು ಹೊರಳಿದ್ದು ಬೊಜ್ಜಿನ ದೆಸೆಯಿಂದ. 1980ರ ದಶಕದ ನಡುವೆ ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ವಿನ್ಸೆಂಟ್ ಫೆಲಿಟ್ಟಿ ಎಂಬ ವೈದ್ಯರು ತೂಕ ಇಳಿಸುವ ಕ್ಲಿನಿಕ್ ನಡೆಸುತ್ತಿದ್ದರು. ಚೆನ್ನಾಗಿ ತೂಕ ಇಳಿಯುತ್ತಿದ್ದವರೇ ಅರ್ಧದಲ್ಲಿ ಬಿಟ್ಟುಹೋಗುತ್ತಿದ್ದರು. ಯಾಕೆಂದು ಒಬ್ಬೊಬ್ಬರನ್ನೇ ಕೂರಿಸಿ ಕೇಳಿದಾಗ ಹಲವರ ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯ ಕಂಡಿತು. ದಪ್ಪಗಿದ್ದರೆ ಯಾರೂ ತಿರುಗಿ ನೋಡುವುದಿಲ್ಲ ಎಂಬ ಧೈರ್ಯಕ್ಕೇ ಕೆಲವರು ಆ ಮೈಯನ್ನು ಹೊತ್ತುಕೊಂಡಿದ್ದರು. ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ ಸೇರಿ ಮುಂದೆ 17,000ಕ್ಕೂ ಹೆಚ್ಚು ಮಂದಿಯ ಬಾಲ್ಯವನ್ನು ವಿಚಾರಿಸಿದರು. ಹೊಡೆತ, ಬೈಗುಳ, ಲೈಂಗಿಕ ದೌರ್ಜನ್ಯ, ತಾಯಿಗೆ ಬೀಳುತ್ತಿದ್ದ ಏಟು, ಮನೆಯಲ್ಲಿ ಕುಡಿತ, ಮನೋರೋಗ, ಜೈಲು, ಇಷ್ಟರಲ್ಲಿ ಎಷ್ಟು ಬಗೆಯದನ್ನು ಕಂಡಿರಿ ಎಂಬುದು ಪ್ರಶ್ನೆ. 1998ರ ಮೊದಲ ವರದಿಯ ಪ್ರಕಾರ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಗೆಯದನ್ನು ಕಂಡವರಲ್ಲಿ ಖಿನ್ನತೆ, ಕುಡಿತ, ಆತ್ಮಹತ್ಯೆ ಯತ್ನದ ಅಪಾಯ ಏನೂ ಕಾಣದವರಿಗಿಂತ 4ರಿಂದ 12 ಪಟ್ಟು. ಉತ್ತರಿಸಿದವರು ಕೊಳೆಗೇರಿಯವರಲ್ಲ, ಆರೋಗ್ಯ ವಿಮೆ ಇದ್ದ ಮಧ್ಯಮ ವರ್ಗದವರು. ನಮ್ಮ ಅಪಾರ್ಟ್‌ಮೆಂಟುಗಳ ಜನ ಇದನ್ನು ಗಮನಿಸಬೇಕು.

ಬಾಲ್ಯದ ಕಷ್ಟಗಳಿಗೆ ಅಂಕ ಹಾಕುವ ಈ ಹುಚ್ಚು ಮುಂದೆ ಅತಿಯೂ ಆಯಿತು. ಹತ್ತು ಪ್ರಶ್ನೆಗೆ ಉತ್ತರಿಸಿ ನಿಮ್ಮ ಭವಿಷ್ಯ ತಿಳಿಯಿರಿ ಎಂಬಂತೆ ಹರಡಿದಾಗ, ಇದು ಜನಸಮುದಾಯದ ಅಪಾಯ ಅಳೆಯಲು ಮಾಡಿದ್ದು, ಒಬ್ಬ ವ್ಯಕ್ತಿಯ ಹಣೆಬರಹ ಓದಲು ಅಲ್ಲ ಎಂದು ಸ್ವತಃ ಆಂಡಾ 2020ರಲ್ಲಿ ಬರೆಯಬೇಕಾಯಿತು. ನಮ್ಮ ಬಾಲ್ಯಗಳ ಲೆಕ್ಕಕ್ಕೆ ಆ ಪಟ್ಟಿ ಸಾಲುವುದೂ ಇಲ್ಲ. ಮೂರನೆಯದೂ ಹೆಣ್ಣೇ ಎಂದು ಹುಟ್ಟಿದ ದಿನವೇ ಮುಖ ಸಿಂಡರಿಸಿಕೊಂಡ ಮನೆ, ತಮ್ಮನ ಫೀಸಿಗಾಗಿ ಬಿಡಿಸಿದ ಶಾಲೆ, ಹದಿನಾರಕ್ಕೇ ಗೊತ್ತಾದ ಮದುವೆ ಅದರಲ್ಲಿ ಎಲ್ಲಿವೆ? 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿ ವರದಿ ತಂದಿತು. ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಎದುರಿಸಿದ್ದೇವೆ ಎಂದವರು ಶೇ 53. ಅರ್ಧದಷ್ಟು ಪ್ರಕರಣಗಳಲ್ಲಿ ಕೈಮಾಡಿದವರು ಮಗುವಿಗೆ ಗೊತ್ತಿದ್ದವರೇ, ನಂಬಿದ್ದವರೇ. ಹೆಚ್ಚಿನ ಮಕ್ಕಳು ಯಾರಿಗೂ ಹೇಳಿರಲಿಲ್ಲ. ಅವತ್ತು ಉತ್ತರಿಸಿದ ಹುಡುಗಿಯರ ವಯಸ್ಸಿಗೆ ಇಷ್ಟು ವರ್ಷ ಕೂಡಿಸಿ ನೋಡಿ, ಈಗ ಅವರದು ಬಸುರು, ಬಾಣಂತನದ ಪ್ರಾಯ.

ಹೊಟ್ಟೆಯಲ್ಲಿದ್ದಾಗ ಆದದ್ದು ಜೀವಮಾನವಿಡೀ ಹಿಂಬಾಲಿಸಬಹುದು ಎಂಬುದನ್ನು ದೇಹದ ಮಟ್ಟಿಗೆ ತೋರಿಸಿಕೊಡುವುದರಲ್ಲಿ ಮೈಸೂರಿನ ಪಾಲು ದೊಡ್ಡದು. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ (ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ) 1934ರಿಂದಲೇ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಸುತ್ತಳತೆಯನ್ನು ಬರೆದಿಟ್ಟಿತ್ತು. ದಶಕಗಳ ನಂತರ ಸಂಶೋಧಕರು ಆ ದಾಖಲೆ ಹಿಡಿದು ವಯಸ್ಸಾದ ‘ಮಕ್ಕಳನ್ನು’ ಹುಡುಕಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚು ಎಂಬುದನ್ನು 1996ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿತು. ಊಟದ ಕೊರತೆ ಹೀಗೆ ಗುರುತು ಬಿಡುವುದಾದರೆ ಭಯ, ದುಃಖ ಬಿಡಲಾರವೇ ಎಂಬ ಪ್ರಶ್ನೆ ತಾನಾಗಿಯೇ ಬಂತು.

ಅದಕ್ಕೊಂದು ಉತ್ತರ ಬಂದದ್ದು ಬೆಂಗಳೂರಿಂದ ಬಹುದೂರವೇನಲ್ಲದ ಸೋಲೂರಿನಿಂದ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಕೆ. ಶ್ರೀನಿವಾಸನ್, ಮಿಷೆಲ್ ಫರ್ನಾಂಡಿಸ್ ಮತ್ತವರ ಜೊತೆಯವರು ಅಲ್ಲಿ ಗರ್ಭದ ಕೊನೆಯ ಮೂರು ತಿಂಗಳಲ್ಲಿದ್ದ ಹಳ್ಳಿಯ ಹೆಂಗಸರ ಮನಸ್ಥಿತಿಯನ್ನು ಹತ್ತು ಪ್ರಶ್ನೆಗಳ ಮಾಪನದಿಂದ ಅಳೆದರು. ಮಗು ಹುಟ್ಟಿ ಎರಡು ತಿಂಗಳಿಗೆ ಲಸಿಕೆ ಹಾಕಿಸಲು ಬರಬೇಕಲ್ಲ, ಆಗ ಸೂಜಿ ಚುಚ್ಚುವ ಮುನ್ನ ಮತ್ತು ನಂತರ ಮಗುವಿನ ಜೊಲ್ಲು ತೆಗೆದು ಅದರಲ್ಲಿನ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು ಅಳೆದರು. ಬಸುರಿನಲ್ಲಿ ಖಿನ್ನತೆ ಅನುಭವಿಸಿದ್ದ ತಾಯಂದಿರ ಮಕ್ಕಳಲ್ಲಿ ಅದೇ ಒಂದು ಸೂಜಿಗೆ ಕಾರ್ಟಿಸಾಲ್ ಏರಿದ್ದು ಹೆಚ್ಚು. 2015ರಲ್ಲಿ ಪ್ರಕಟವಾದ ಈ ಸಣ್ಣ ಅಧ್ಯಯನ ನನಗೆ ಇಷ್ಟವಾಗುವುದು ಅದರ ಸರಳತೆಯಿಂದ. ಲಸಿಕೆ ಹೇಗೂ ಹಾಕಲೇಬೇಕು, ಮಗು ಹೇಗೂ ಅಳುತ್ತದೆ. ಆ ಅಳುವನ್ನೇ ಅಳತೆಗೋಲು ಮಾಡಿಕೊಂಡರು.

ತಾಯಿಯ ಕಳವಳ ಮಗುವಿನವರೆಗೆ ತಲುಪುವುದು ಹೇಗೆ? ತಾಯಿಯ ರಕ್ತದಲ್ಲಿ ಬರುವ ಕಾರ್ಟಿಸಾಲ್‌ನ ಬಹುಪಾಲನ್ನು ಮಾಸುಚೀಲ, ಅಂದರೆ ಪ್ಲಾಸೆಂಟಾ, ಒಂದು ಕಿಣ್ವದಿಂದ ನಿಷ್ಕ್ರಿಯಗೊಳಿಸಿ ಮಗುವನ್ನು ಕಾಯುತ್ತದೆ. ಒತ್ತಡ ತಿಂಗಳುಗಟ್ಟಲೆ ಮುಂದುವರಿದರೆ ಆ ಕಾವಲು ಸಡಿಲವಾಗುತ್ತದೆ ಎಂಬ ಸೂಚನೆಗಳಿವೆ. ಇನ್ನೊಂದು ವಿಚಿತ್ರವೂ ಉಂಟು. ಮಿದುಳಿನಲ್ಲಿ ಕಾರ್ಟಿಸಾಲ್ ಹೆಚ್ಚಿದರೆ ಅದೇ ಬ್ರೇಕ್ ಆಗಿ ಮುಂದಿನ ಉತ್ಪಾದನೆಯನ್ನು ತಡೆಯುತ್ತದೆ. ಪ್ಲಾಸೆಂಟಾದಲ್ಲಿ ಅದೇ ಕಾರ್ಟಿಸಾಲ್ ಆಕ್ಸಿಲರೇಟರ್ ತುಳಿದಂತೆ ಸಿಆರ್‌ಎಚ್ ಎಂಬ ಇನ್ನೊಂದು ಹಾರ್ಮೋನನ್ನು ಏರಿಸುತ್ತದೆ. ಬಾಲ್ಯದಲ್ಲಿ ದೌರ್ಜನ್ಯ ಕಂಡ ತಾಯಂದಿರಲ್ಲಿ ಗರ್ಭ ಬೆಳೆದಂತೆ ಈ ಸಿಆರ್‌ಎಚ್ ಹೆಚ್ಚು ಏರುವುದನ್ನು ಕ್ಲಾಡಿಯಾ ಬಸ್ ಮತ್ತು ಸಂಗಡಿಗರು ಗುರುತಿಸಿದ್ದಾರೆ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಕಟ್ಟಡಗಳ ಬಳಿ ಇದ್ದ ಗರ್ಭಿಣಿಯರನ್ನು ರೇಚಲ್ ಯಹೂದಾ ಅಧ್ಯಯನ ಮಾಡಿದಾಗ ಕಂಡದ್ದು ಬೇರೆ. ಆಘಾತದ ಕಾಯಿಲೆಗೆ ಒಳಗಾದವರ ಶಿಶುಗಳಲ್ಲಿ ಕಾರ್ಟಿಸಾಲ್ ಕಡಿಮೆಯಿತ್ತು. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ. ಆದ್ದರಿಂದ ‘ಅಮ್ಮ ಅತ್ತರೆ ಮಗುವಿನ ಮಿದುಳು ಕೆಡುತ್ತದೆ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಸಂದೇಶಗಳನ್ನು ಅಲ್ಲೇ ಅಳಿಸಿಬಿಡಿ.

ಇಷ್ಟೆಲ್ಲದರ ನಡುವೆ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ದಕ್ಷಿಣ ಲಂಡನ್ನಿನ ಒಂದು ಅಧ್ಯಯನ. 1980ರ ದಶಕದಲ್ಲಿ ಬಸುರಿಯರಾಗಿದ್ದವರನ್ನು ಮಾತನಾಡಿಸಿ, ಅವರ ಮಕ್ಕಳನ್ನು ಹರೆಯದವರೆಗೂ ಹಿಂಬಾಲಿಸಿದ ಕೆಲಸ ಅದು. ಡೊಮಿನಿಕ್ ಪ್ಲಾಂಟ್, ಕಾರ್ಮಿನ್ ಪರಿಯಾಂಟೆ ಮೊದಲಾದವರು 2013ರಲ್ಲಿ ಬರೆದ ಪ್ರಕಾರ, ಬಾಲ್ಯದಲ್ಲಿ ದೌರ್ಜನ್ಯ ಕಂಡ ಹೆಂಗಸರಿಗೆ ಬಸುರಿನಲ್ಲಿ ಖಿನ್ನತೆ ಬರುವ ಸಂಭವ ಬಹಳ ಹೆಚ್ಚು. ಆದರೆ ತಾಯಿ ಬಾಲ್ಯದಲ್ಲಿ ನೊಂದಿದ್ದು, ಬಸುರಿನಲ್ಲಿ ಖಿನ್ನತೆ ಇಲ್ಲದಿದ್ದರೆ ಮಗುವಿಗೆ ಅಪಾಯ ಏನೂ ಹೆಚ್ಚಿರಲಿಲ್ಲ. ಬರೀ ಖಿನ್ನತೆ ಇದ್ದು ಬಾಲ್ಯ ನೆಟ್ಟಗಿದ್ದರೂ ಹಾಗೆಯೇ. ಎರಡೂ ಕೂಡಿದ ಮನೆಗಳಲ್ಲಿ ಮಾತ್ರ ಮಕ್ಕಳೂ ಹೆಚ್ಚು ಹಿಂಸೆಗೆ ಸಿಕ್ಕಿದ್ದರು, ಹರೆಯದಲ್ಲಿ ಹೆಚ್ಚು ಪುಂಡಾಟಕ್ಕೆ ಬಿದ್ದಿದ್ದರು. ನೂರಿಪ್ಪತ್ತೈದು ಕುಟುಂಬಗಳ ಲೆಕ್ಕ ಇದು, ಕೊನೆಯ ಮಾತಲ್ಲ. ಆದರೂ ದಿಕ್ಕು ಸ್ಪಷ್ಟ. ಬಾಲ್ಯವನ್ನು ಯಾವ ವೈದ್ಯರೂ ಬದಲಿಸಲಾರರು. ಬಸುರಿನ ಖಿನ್ನತೆಗೆ ಔಷಧಿಯೂ ಇದೆ, ಮಾತಿನ ಚಿಕಿತ್ಸೆಯೂ ಇದೆ, ಅದು ವಾಸಿಯಾಗುತ್ತದೆ. ಸರಪಳಿಯಲ್ಲಿ ನಮ್ಮ ಕೈಗೆಟುಕುವ ಕೊಂಡಿ ಆ ಒಂಬತ್ತು ತಿಂಗಳು.

ಆ ಒಂಬತ್ತು ತಿಂಗಳಲ್ಲೇ ಹಳೆಯದು ಯಾಕೆ ಮೇಲೆ ಬರುತ್ತದೆ ಎಂಬುದಕ್ಕೆ ಲೇಬರ್ ವಾರ್ಡಿನವರ ಬಳಿ ಉತ್ತರವಿದೆ, ಅವರು ಅದನ್ನು ಹಾಗೆಂದು ಗುರುತಿಸದಿದ್ದರೂ. ಮಂಚದ ಮೇಲೆ ಅಂಗಾತ ಮಲಗಿಸಿ, ಕಾಲು ಅಗಲಿಸಿ, ಒಳಪರೀಕ್ಷೆ ಮಾಡುವಾಗ ಮೈ ಬಿಗಿಹಿಡಿದು ಕೂಗುವ ಹೆಂಗಸಿಗೆ ‘ಇಷ್ಟಕ್ಕೆಲ್ಲ ಕೂಗಿದ್ರೆ ಹೆರಿಗೆ ಹೇಗಮ್ಮಾ’ ಎಂದು ಗದರುವುದು ಅಲ್ಲಿ ನಿತ್ಯದ ಮಾತು. ಕೆಲವರು ಕೂಗುವುದೂ ಇಲ್ಲ, ಮರಗಟ್ಟಿದಂತೆ ಸೂರು ನೋಡುತ್ತ ಮಲಗುತ್ತಾರೆ. ಮುಂದಿನ ತಪಾಸಣೆಗೆ ಬರುವುದಿಲ್ಲ. ತಾಯಿ ಕಾರ್ಡಿನಲ್ಲಿ ಆ ಕಾಲಂ ಖಾಲಿ ಉಳಿಯುತ್ತದೆ, ‘ನಿರ್ಲಕ್ಷ್ಯ’ ಎಂದು ಬೈಸಿಕೊಳ್ಳುತ್ತಾರೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿರುದ್ಧ ಬೆಂಗಳೂರಿನಲ್ಲಿ ಎರಡು ದಶಕಗಳಿಂದ ಕೆಲಸ ಮಾಡುತ್ತಿರುವ ಎನ್‌ಫೋಲ್ಡ್ ಸಂಸ್ಥೆಯನ್ನು ಕಟ್ಟಿದವರು ಶೈಬ್ಯಾ ಸಲ್ಡಾನಾ ಮತ್ತು ಸಂಗೀತಾ ಸಕ್ಸೇನಾ, ಇಬ್ಬರೂ ಸ್ತ್ರೀರೋಗ ತಜ್ಞೆಯರು ಎಂಬುದು ಕಾಕತಾಳೀಯ ಇರಲಾರದು. ಇಲ್ಲಿ ಬೇಕಾದ ಬದಲಾವಣೆಗೆ ಖರ್ಚೂ ಇಲ್ಲ. ಮುಟ್ಟುವ ಮುನ್ನ ಏನು ಮಾಡುತ್ತೇನೆಂದು ಹೇಳುವುದು, ಆಗಬಹುದಾ ಎಂದು ಕೇಳುವುದು, ನಿಲ್ಲಿಸಿ ಎಂದರೆ ನಿಲ್ಲಿಸುವುದು. ಅವಳ ಬಾಲ್ಯದಲ್ಲಿ ಏನಾಗಿತ್ತೆಂದು ತಿಳಿಯದೆಯೂ ಇದನ್ನು ಮಾಡಬಹುದು.

ಇನ್ನು ತವರು. ಏಳರಲ್ಲೋ ಒಂಬತ್ತರಲ್ಲೋ ಸೀಮಂತ, ಕೈತುಂಬ ಹಸಿರು ಬಳೆ, ಆಮೇಲೆ ಅಮ್ಮನ ಮನೆ. ಮೊದಲ ಬಾಣಂತನ ತವರಿನದು ಎಂಬ ರೂಢಿ ಮನಸ್ಸಿನ ಆರೋಗ್ಯಕ್ಕೆ ನಮ್ಮ ಹಿರಿಯರು ಬರೆದ ಒಳ್ಳೆಯ ಚೀಟಿಗಳಲ್ಲೊಂದು ಎಂದೇ ನಾನು ಭಾವಿಸಿದ್ದೇನೆ. ನಿದ್ದೆ, ಬಿಸಿ ಊಟ, ಎಣ್ಣೆನೀರು, ಅತ್ತೆಮನೆಯ ಕೆಲಸದಿಂದ ಬಿಡುವು, ಬಾಯ್ತುಂಬ ಮಾತು. ಆಸರೆ ಇದ್ದವಳಿಗೆ ಖಿನ್ನತೆ ಕಡಿಮೆ ಎಂದು ಪುಟಗಟ್ಟಲೆ ಬರೆಯುವ ಸಂಶೋಧನೆಗಳು ಹೇಳುವುದೂ ಇದನ್ನೇ. ಆದರೆ ತವರು ಅಂದರೆ ಅಲ್ಲಿ ಕ್ಷೇಮ ಎಂಬ ಎಣಿಕೆಯ ಮೇಲೆ ಈ ರೂಢಿ ನಿಂತಿದೆ. ಕೈಮಾಡಿದವನು ಅಲ್ಲೇ ಇದ್ದರೆ? ಅವನು ಚಿಕ್ಕಪ್ಪನೋ, ದೊಡ್ಡಮ್ಮನ ಮಗನೋ, ಮಹಡಿ ಮೇಲಿನ ಬಾಡಿಗೆಯವನೋ, ಪಾಠ ಹೇಳಿಕೊಡಲು ಬರುತ್ತಿದ್ದ ಮೇಷ್ಟ್ರೋ, ಅಪ್ಪನೇ ಆಗಿದ್ದರೆ? ಹದಿನೈದು ವರ್ಷದ ಹಿಂದೆ ಎಲ್ಲಿ ಉಸಿರು ಬಿಗಿಹಿಡಿದು ಮಲಗುತ್ತಿದ್ದಳೋ ಅದೇ ಕೋಣೆಯಲ್ಲಿ ಈಗ ಮೂರು ತಿಂಗಳು, ಐದು ತಿಂಗಳು ಮಲಗಬೇಕು. ಹುಟ್ಟಿದ್ದು ಹೆಣ್ಣಾದರೆ ಆ ಕೂಸನ್ನು ‘ಕೊಡಮ್ಮಾ ಎತ್ಕೋತೀನಿ’ ಎಂದು ಚಾಚುವ ಕೈ ಅದೇ.

ಮಗಳು ತವರಿಗೆ ಹೋಗಲು ಹಟ ಹಿಡಿದರೆ ಎಲ್ಲರಿಗೂ ಅರ್ಥವಾಗುತ್ತದೆ. ಹೋಗಲೊಲ್ಲೆ ಎಂದವಳಿಗೆ ‘ಗಂಡನ್ನ ಬಿಟ್ಟಿರೋಕಾಗಲ್ಲ ಇವಳಿಗೆ’ ಎಂಬ ನಗೆಚಾಟಿಕೆ. ಆ ನಗೆಯ ನಡುವೆ ಅವಳು ಕಾರಣ ಹೇಳುವುದುಂಟೇ? ಕೆಲವೊಮ್ಮೆ ಅಮ್ಮನಿಗೆ ಆಗಲೇ ಗೊತ್ತಿತ್ತು, ಮನೆತನದ ಮಾನಕ್ಕೆ ಸುಮ್ಮನಾಗಿದ್ದಳು. ಈಗ ಮಗಳಿಗೆ ಎಣ್ಣೆ ಹಚ್ಚಿ, ಸೊಂಟಕ್ಕೆ ಬಟ್ಟೆ ಬಿಗಿದು, ಮೆಣಸಿನ ಸಾರು ಬಡಿಸುವ ಕೈ ಅವಳದೇ. ಆ ಕೈ ಬೇಕು, ಆ ಕೈಮೇಲೆ ಸಿಟ್ಟೂ ಇದೆ. ಬಾಣಂತಿಯ ಕಾರಣವಿಲ್ಲದ ಅಳು ಎಂದು ನಾವು ಕರೆಯುವುದರಲ್ಲಿ ಇಂಥ ಕಾರಣಗಳೂ ಸೇರಿರಬಹುದು. ದೌರ್ಜನ್ಯದಷ್ಟು ಕರಾಳವಲ್ಲದ್ದೂ ಬಸುರಿನಲ್ಲಿ ಕೆದಕಲ್ಪಡುತ್ತದೆ. ‘ನೀನು ಹುಟ್ಟಿದಾಗ ಹೆಣ್ಣೆಂದು ನಿಮ್ಮಪ್ಪ ಆಸ್ಪತ್ರೆ ಕಡೆ ತಲೆ ಹಾಕಲಿಲ್ಲ’ ಎಂಬ ಕಥೆಯನ್ನು ಮನೆಯ ಹೆಂಗಸರು ನಗುತ್ತಲೇ ಹೇಳುವುದು ಮಗಳು ಬಸುರಿಯಾಗಿರುವಾಗಲೇ.

ಹಾಗಾದರೆ ನೊಂದವಳು ನೋಯಿಸುವ ತಾಯಿಯಾಗುತ್ತಾಳೆಯೇ? ಅಮೆರಿಕದ ಸೆಲ್ಮಾ ಫ್ರೈಬರ್ಗ್ 1975ರಲ್ಲಿ ಬರೆದ ಒಂದು ಲೇಖನ ಈ ಪ್ರಶ್ನೆಗೆ ಇವತ್ತಿಗೂ ದಾರಿ ತೋರಿಸುತ್ತದೆ. ಎಳೆಯ ತಾಯಂದಿರ ಮನೆಗಳಿಗೇ ಹೋಗಿ ಕೆಲಸ ಮಾಡಿದ ಅವರು ಕಂಡದ್ದು ಇದು: ಬಾಲ್ಯದ ಹಿಂಸೆಯನ್ನು ಮಕ್ಕಳ ಮೇಲೆ ಮರುಕಳಿಸುವವರಿಗೆ ನಡೆದ ಘಟನೆಗಳೆಲ್ಲ ನೆನಪಿರುತ್ತವೆ, ಆಗ ಆದ ಭಯ ಮತ್ತು ನೋವು ಮಾತ್ರ ನೆನಪಿರುವುದಿಲ್ಲ. ಆ ನೋವನ್ನು ನೆನಪಿಸಿಕೊಂಡು, ಯಾರದೋ ಮುಂದೆ ಅತ್ತವರು ಮರುಕಳಿಸುವುದಿಲ್ಲ. ಅಲಿಸಿಯಾ ಲೀಬರ್‌ಮನ್ ಮತ್ತು ಸಹೋದ್ಯೋಗಿಗಳು 2005ರಲ್ಲಿ ಇದರ ಇನ್ನೊಂದು ಮುಖ ತೋರಿಸಿದರು. ಬಾಲ್ಯ ಎಷ್ಟೇ ಕಷ್ಟದ್ದಿರಲಿ, ತನ್ನನ್ನು ಅಕ್ಕರೆಯಿಂದ ಕಂಡ ಒಬ್ಬರಾದರೂ ಇದ್ದರೆಂಬ ನೆನಪು ತಾಯ್ತನಕ್ಕೆ ಬಲ ಕೊಡುತ್ತದೆ. ನಮ್ಮ ಹೆಂಗಸರನ್ನು ಕೇಳಿ ನೋಡಿ, ಆ ಒಬ್ಬರು ಅಜ್ಜಿಯಾಗಿರುತ್ತಾರೆ, ಮೂರನೇ ಕ್ಲಾಸಿನ ಮಿಸ್ ಆಗಿರುತ್ತಾರೆ, ಪಕ್ಕದ ಮನೆ ಆಂಟಿಯಾಗಿರುತ್ತಾರೆ.

ಈ ಸಂಶೋಧನೆಯೆಲ್ಲ ತಾಯಂದಿರನ್ನು ಹೊಡೆಯಲು ಹೊಸ ಕೋಲಾಗುವ ಅಪಾಯವೂ ಇದೆ. ಜಯನಗರ, ಬನಶಂಕರಿಗಳಲ್ಲಿ ಗರ್ಭಸಂಸ್ಕಾರದ ತರಗತಿಗಳಿಗೆ ಈಗ ಬರವಿಲ್ಲ. ಹಾಡು, ಶ್ಲೋಕ, ಉಸಿರಾಟ ಎಲ್ಲ ಒಳ್ಳೆಯದೇ. ಆದರೆ ಸದಾ ಸಂತೋಷವಾಗಿರಿ, ನಿಮ್ಮ ಒಂದೊಂದು ಯೋಚನೆಯೂ ಮಗುವಿಗೆ ಹೋಗುತ್ತದೆ ಎಂದು ಹೇಳಿಸಿಕೊಂಡು ಬಂದವಳು ರಾತ್ರಿ ಅಳು ಬಂದರೆ ಅಳಲೂ ಹೆದರುತ್ತಾಳೆ. ಅಲ್ಲಿ ತಪ್ಪದೆ ಬರುವ ಉದಾಹರಣೆ ಪ್ರಹ್ಲಾದನದು, ತಾಯಿಯ ಹೊಟ್ಟೆಯಲ್ಲೇ ನಾರದರ ಉಪದೇಶ ಕೇಳಿದವನು. ಭಾಗವತದಲ್ಲಿ ಅದಕ್ಕೆ ಮುಂಚೆ ನಡೆದದ್ದನ್ನು ಯಾರೂ ಹೇಳುವುದಿಲ್ಲ. ಗಂಡ ತಪಸ್ಸಿಗೆ ಹೋಗಿದ್ದಾಗ ಬಸುರಿ ಕಯಾಧುವನ್ನು ಇಂದ್ರ ಎಳೆದೊಯ್ಯುತ್ತಿದ್ದ. ನಾರದರು ತಡೆದು ಬಿಡಿಸಿದರು, ತಮ್ಮ ಆಶ್ರಮದಲ್ಲಿ ಆಸರೆ ಕೊಟ್ಟರು. ಉಪದೇಶ ಆಮೇಲೆ. ನಮ್ಮ ಮನೆಗಳಲ್ಲಿ ಆ ಆಸರೆ ಎಷ್ಟಿದೆ? ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೇ ಸಮೀಕ್ಷೆಯಲ್ಲಿ ಗಂಡನ ಹಿಂಸೆ ಕಂಡಿದ್ದೇವೆ ಎಂದ ಕರ್ನಾಟಕದ ಹೆಂಗಸರು ಶೇ 44.4, ದೇಶದಲ್ಲೇ ಅತಿ ಹೆಚ್ಚು. ತರಗತಿಯ ಶುಲ್ಕ ಕಟ್ಟುವ ಗಂಡಂದಿರಿಗೆ ಮೊದಲ ದಿನ ಈ ಅಂಕಿಯನ್ನು ಓದಿಸಬಹುದು.

ಬಾಲ್ಯ ಮುಗಿಯುವ ಮೊದಲೇ ಬಸುರಿಯಾದ ಹುಡುಗಿಯರ ಮಾತು ಬೇರೆ. ಅವರಿಗೆ ಆಘಾತವೂ ಗರ್ಭವೂ ಒಟ್ಟಿಗೇ ಬಂದಿವೆ. ಹದಿನೆಂಟು ತುಂಬದವಳು ಆಸ್ಪತ್ರೆಗೆ ಬಂದರೆ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಆ ಹೆದರಿಕೆಗೇ ತಡಮಾಡಿ ಬರುತ್ತಾರೆ, ಇಲ್ಲವೇ ವಯಸ್ಸು ಹೆಚ್ಚು ಹೇಳುತ್ತಾರೆ. ಗರ್ಭಪಾತಕ್ಕೆ ಬಂದ ಅಪ್ರಾಪ್ತೆಯ ಹೆಸರನ್ನು ವೈದ್ಯರು ಬಹಿರಂಗಪಡಿಸಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದ್ದು ಸ್ವಲ್ಪ ಉಸಿರಾಡಲು ಎಡೆಕೊಟ್ಟಿದೆ.

ಸೌಲಭ್ಯಗಳ ವಿಷಯದಲ್ಲಿ ದಕ್ಷಿಣ ಬೆಂಗಳೂರಿನಷ್ಟು ಭಾಗ್ಯ ದೇಶದ ಬೇರೆ ಕಡೆಗಳಿಗಿಲ್ಲ. ಬನಶಂಕರಿಯಿಂದ ಜಯನಗರ ದಾಟಿದರೆ ನಿಮ್ಹಾನ್ಸ್, ಟ್ರಾಫಿಕ್ ಮನಸ್ಸು ಮಾಡಿದರೆ ಅರ್ಧ ಗಂಟೆ. ಹೆರಿಗೆಯ ಆಸುಪಾಸಿನ ಮನೋರೋಗಕ್ಕೆ ತಾಯಿ ಮಗುವನ್ನು ಒಟ್ಟಿಗೇ ಸೇರಿಸಿಕೊಳ್ಳುವ ದೇಶದ ಮೊದಲ ವಾರ್ಡ್ 2009ರಲ್ಲಿ ಅಲ್ಲಿ ಶುರುವಾಯಿತು, ಐದು ಹಾಸಿಗೆಯದು. ಬಾಣಂತಿ ಸನ್ನಿ ಹಿಡಿದವಳಿಂದ ಕೂಸನ್ನು ಕಿತ್ತುಕೊಂಡು ಊರಿಗೆ ಕಳಿಸುವ ಪದ್ಧತಿಗೆ ಅದು ಉತ್ತರ. ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಬಂದಿದೆ. ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದ ಜೊತೆಗೂಡಿ ನಿಮ್ಹಾನ್ಸ್ ಬೆಂಗಳೂರಿನ ತಾಯಂದಿರನ್ನು ಬಸುರಿನಿಂದಲೇ ಹಿಂಬಾಲಿಸುತ್ತಿದೆ. ಅದೇ ಲಿವರ್‌ಪೂಲ್ ತಂಡ 2012ರಲ್ಲಿ ಇನ್ನೊಂದು ಸಂಗತಿ ಹೇಳಿತ್ತು. ಬಸುರಿನಲ್ಲಿ ಖಿನ್ನತೆ ಇದ್ದ ತಾಯಂದಿರೂ ಹುಟ್ಟಿದ ಮಗುವಿನ ಮೈಯನ್ನು ಮೊದಲ ವಾರಗಳಲ್ಲಿ ಆಗಾಗ ನೇವರಿಸಿದ್ದರೆ ಮಗುವಿನ ಮೇಲೆ ಖಿನ್ನತೆಯ ಪರಿಣಾಮ ಕಡಿಮೆ. ಮಗುವಿಗೆ ಎಣ್ಣೆ ತಿಕ್ಕುವ ಕೆಲಸವನ್ನು ಪೂರ್ತಿ ನೀರು ಹಾಕುವ ಅಜ್ಜಿಗೇ ಬಿಡದೆ, ಒಂದಿಷ್ಟು ಹೊತ್ತು ಬಾಣಂತಿಯ ತೊಡೆಯ ಮೇಲೂ ಕೂಸು ಇರಲಿ.

ದೊಡ್ಡ ಆಸ್ಪತ್ರೆಯೇ ಬೇಕೆಂದೂ ಇಲ್ಲ. ಪಾಕಿಸ್ತಾನದ ಹಳ್ಳಿಗಳಲ್ಲಿ, ನಮ್ಮ ಆಶಾ ಕಾರ್ಯಕರ್ತೆಯರಂಥ ಹೆಂಗಸರಿಗೆ ತರಬೇತಿ ಕೊಟ್ಟು ಅತೀಫ್ ರೆಹಮಾನ್ ಬಸುರಿಯರ ಖಿನ್ನತೆಗೆ ಮಾತಿನ ಚಿಕಿತ್ಸೆ ಮಾಡಿಸಿದರು. ಹೆರಿಗೆಯಾಗಿ ಆರು ತಿಂಗಳಿಗೆ ಖಿನ್ನತೆ ಉಳಿದದ್ದು ಚಿಕಿತ್ಸೆ ಪಡೆದವರಲ್ಲಿ ಶೇ 23, ಬರೀ ಸಾಮಾನ್ಯ ಭೇಟಿ ಪಡೆದವರಲ್ಲಿ ಶೇ 53. 2008ರ ಈ ಫಲಿತಾಂಶದ ಆಧಾರದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಕೈಪಿಡಿಯನ್ನೇ ಹೊರತಂದಿದೆ. ನಮ್ಮ ಆಶಾಗಳಿಗೆ ಈಗಿರುವ ಕೆಲಸಕ್ಕೇ ಸರಿಯಾಗಿ ಗೌರವಧನ ಸಿಗದಿರುವಾಗ ಇನ್ನೊಂದು ಹೊರೆಯೇ ಎಂಬ ಪ್ರಶ್ನೆ ನ್ಯಾಯವಾದದ್ದು. ಹಣ ಕೊಟ್ಟು ಮಾಡಿಸಬೇಕಾದ ಕೆಲಸ ಇದು.

ಅಲ್ಲಿಯವರೆಗೂ ಕೇಳಬಹುದಾದ ಪ್ರಶ್ನೆಗಳಿವೆ. ಅತ್ತೆ, ಗಂಡ, ಅಮ್ಮ ಯಾರೂ ಪಕ್ಕದಲ್ಲಿಲ್ಲದ ಐದು ನಿಮಿಷ ಬೇಕು, ಮೂತ್ರ ಪರೀಕ್ಷೆಗೆ ಕಳಿಸುವ ನೆಪದಲ್ಲಾದರೂ. ಹಿಂದಿನ ತಿಂಗಳಲ್ಲಿ ತೀರಾ ಬೇಸರ ಅನ್ನಿಸಿದೆಯಾ, ಯಾವುದರಲ್ಲೂ ಮನಸ್ಸಿಲ್ಲದ ಹಾಗಾಗಿದೆಯಾ? ಬಾಲ್ಯದ ಕಥೆಯನ್ನು ಮೊದಲ ಭೇಟಿಯಲ್ಲೇ ಕೆದಕಬೇಕಿಲ್ಲ. ಬಾಣಂತನ ಎಲ್ಲಿ, ಅಲ್ಲಿ ಯಾರ್ಯಾರಿರ್ತಾರೆ, ಅಲ್ಲಿ ನಿಮಗೆ ನೆಮ್ಮದಿಯಾ ಎಂದು ಕೇಳಿದರೆ ಸಾಕು, ಹೇಳಬೇಕೆನ್ನಿಸಿದವಳು ಹೇಳುತ್ತಾಳೆ. ಮನೋರೋಗದ ಮಾತ್ರೆ ನುಂಗುತ್ತಿದ್ದವರು ಬಸುರಿ ಎಂದು ಗೊತ್ತಾದೊಡನೆ ತಾವಾಗಿ ನಿಲ್ಲಿಸಬಾರದು, ವೈದ್ಯರನ್ನು ಕೇಳಿಯೇ ಬದಲಿಸಬೇಕು. ರಾತ್ರಿ ಎರಡಕ್ಕೆ ಯಾರೂ ಸಿಗದಾಗ 14416 ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಅದು, ಕನ್ನಡದಲ್ಲೇ ಮಾತನಾಡಬಹುದು, ದುಡ್ಡಿಲ್ಲ.

ತವರಿಗೆ ಹೋಗಲೊಲ್ಲೆ ಎಂದವಳಿಗೆ ಬೇರೆ ಏರ್ಪಾಡು ಮಾಡುವುದು ಈಗ ಕಷ್ಟವೇನಲ್ಲ. ಬಾಣಂತನಕ್ಕೆಂದೇ ಮನೆಗೆ ಬರುವ ಹೆಂಗಸರು ಈ ಬಡಾವಣೆಗಳಲ್ಲಿ ಸಿಗುತ್ತಾರೆ, ಅಮ್ಮನೇ ಇಲ್ಲಿಗೆ ಬಂದಿರಬಹುದು, ಗಂಡ ರಜೆ ಹಾಕಬಹುದು, ಸಾರು ಮಾಡುವುದನ್ನೂ ಕಲಿಯಬಹುದು. ತವರಿನವರಿಗೆ ಏನು ಹೇಳುವುದೆಂಬುದೇ ಚಿಂತೆಯಾದರೆ ‘ಡಾಕ್ಟರು ಪ್ರಯಾಣ ಬೇಡ ಅಂದಿದ್ದಾರೆ’ ಎಂಬ ಒಂದು ಮಾತು ಸಾಕು. ಕೇಳಿಕೊಂಡರೆ ಅದನ್ನು ಚೀಟಿಯಲ್ಲೇ ಬರೆದುಕೊಡುವ ಡಾಕ್ಟರಮ್ಮಂದಿರು ಎಲ್ಲ ಕಾಲದಲ್ಲೂ ಇದ್ದಾರೆ.